ಫೋನಿನಲ್ಲಿ ಫ್ಲೈಟ್ ಕ್ಯಾಲ್ಕುಲೇಟರ್: ಜಕ್ಕೂರಿನಿಂದ ಮೈಸೂರಿಗೆ ಒಂದು ಪೂರ್ತಿ ಲೆಕ್ಕ

ಪೈಲಟ್ ತರಬೇತಿಗೆ ಸೇರಿದವರ ಬ್ಯಾಗಿನಲ್ಲಿ ಇವತ್ತಿಗೂ ಒಂದು ದುಂಡನೆಯ ತಟ್ಟೆ ಇರುತ್ತದೆ. ಅದರ ಹೆಸರು ಇ6ಬಿ. ಅಮೆರಿಕದ ನೌಕಾಪಡೆಯ ಅಧಿಕಾರಿ ಫಿಲಿಪ್ ಡಾಲ್ಟನ್ 1930ರ ದಶಕದಲ್ಲಿ ರೂಪಿಸಿದ ಸಾಧನ ಇದು. ಬ್ಯಾಟರಿ ಬೇಡ, ಸಿಗ್ನಲ್ ಬೇಡ. ತಟ್ಟೆ ತಿರುಗಿಸಿದರೆ ಸಮಯ, ವೇಗ, ಇಂಧನ, ಗಾಳಿ ಎಲ್ಲದರ ಲೆಕ್ಕವೂ ಸಿಗುತ್ತದೆ. ಈಗ ಅದೇ ಕೆಲಸವನ್ನು ಫೋನು, ಟ್ಯಾಬ್ಲೆಟ್‌ಗಳ ಆ್ಯಪ್‌ಗಳು ಒಂದು ಕ್ಷಣದಲ್ಲಿ ಮಾಡಿಕೊಡುತ್ತವೆ.

ಬೇಗ ಆಗೋದು ಒಳ್ಳೆಯದೇ. ಆದರೆ ತಟ್ಟೆಯಲ್ಲಿ ಒಂದು ಗುಣ ಇತ್ತು. ಅದರಲ್ಲಿ ದಶಮಾಂಶದ ಚುಕ್ಕೆ ಇಲ್ಲ. 10 ಅಂತ ಬರೆದ ಗೆರೆ 1 ಆಗಬಹುದು, 100 ಆಗಬಹುದು, 1,000 ಕೂಡ ಆಗಬಹುದು. ಚುಕ್ಕೆ ಎಲ್ಲಿಡಬೇಕು ಅನ್ನೋದನ್ನು ಲೆಕ್ಕ ಮಾಡುವವನೇ ತೀರ್ಮಾನಿಸಬೇಕು. ಹಾಗಾಗಿ ಉತ್ತರ ಸುಮಾರು ಎಷ್ಟಿರಬೇಕು ಅಂತ ಮೊದಲೇ ತಲೆಯಲ್ಲಿ ಇರಲೇಬೇಕಿತ್ತು. ಆ್ಯಪ್‌ನಲ್ಲಿ ಈ ಒತ್ತಾಯ ಇಲ್ಲ. ತಪ್ಪು ಅಂಕಿ ಹಾಕಿದರೂ ಅದು ಅಷ್ಟೇ ನೀಟಾಗಿ, ಅಷ್ಟೇ ಧೈರ್ಯವಾಗಿ ಉತ್ತರ ತೋರಿಸುತ್ತದೆ.

ಆದ್ದರಿಂದ ಈ ಮಾರ್ಗದರ್ಶಿಯ ಉದ್ದಕ್ಕೂ ಒಂದೇ ಪದ್ಧತಿ ಇಟ್ಟುಕೊಳ್ಳೋಣ. ಮೊದಲು ಬಾಯಿಲೆಕ್ಕ, ಆಮೇಲೆ ಆ್ಯಪ್. ಎರಡೂ ಹತ್ತಿರ ಬರದಿದ್ದರೆ ಅಲ್ಲೇ ನಿಲ್ಲುವುದು, ಯಾಕೆ ಅಂತ ತಿಳಿದ ಮೇಲೆಯೇ ಮುಂದೆ ಹೋಗುವುದು.

ಉದಾಹರಣೆಗೆ ಬೆಂಗಳೂರಿನ ಜಕ್ಕೂರಿನಿಂದ ಮೈಸೂರಿಗೆ ನಾಲ್ಕು ಸೀಟಿನ ಚಿಕ್ಕ ವಿಮಾನ ಸೆಸ್ನಾ 172ರಲ್ಲಿ ಹೋಗಿ ಬರುವ ಹಾರಾಟ ತೆಗೆದುಕೊಂಡಿದ್ದೇನೆ. ನೇರ ಗೆರೆ ಎಳೆದರೆ ಸುಮಾರು 75 ನಾಟಿಕಲ್ ಮೈಲಿ (ಒಂದು ಅಂದರೆ 1.85 ಕಿ.ಮೀ., ಹಾರಾಟದ ದೂರಕ್ಕೆ ಮುಂದೆ ಬರೀ ಮೈಲಿ ಅಂದರೂ ಇದೇ), ಟ್ರ್ಯಾಕ್, ಅಂದರೆ ನೆಲದ ಮೇಲಿನ ದಾರಿಯ ದಿಕ್ಕು, ಉತ್ತರದಿಂದ ಅಳೆದರೆ ಸುಮಾರು 227 ಡಿಗ್ರಿ. ನಿಜವಾಗಿ ಹಾರುವಾಗ ಬೆಂಗಳೂರಿನ ಸುತ್ತಲ ನಿಯಂತ್ರಿತ ವಾಯುಪ್ರದೇಶ, ಯಲಹಂಕ ವಾಯುನೆಲೆ ಇವೆಲ್ಲ ನೋಡಿಕೊಂಡು ಎಟಿಸಿ (ವಾಯು ಸಂಚಾರ ನಿಯಂತ್ರಣ) ಹೇಳಿದ ದಾರಿಯಲ್ಲೇ ಹೋಗಬೇಕು. ಇಲ್ಲಿರುವುದು ಲೆಕ್ಕ ಕಲಿಯಲು ಹಿಡಿದ ಗೆರೆ ಅಷ್ಟೇ.

ಯಾವ ಆ್ಯಪ್ ಬೇಕು?

ಎರಡು ಜಾತಿ ಇವೆ. ಒಂದು, ಬರೀ ಲೆಕ್ಕ ಮಾಡುವ ಆ್ಯಪ್. ತಟ್ಟೆಯ ಕೆಲಸವನ್ನೇ ಪರದೆಯ ಮೇಲೆ ಮಾಡುತ್ತದೆ. ಸ್ಪೋರ್ಟೀಸ್ ಕಂಪನಿಯ ಇ6ಬಿ ಆ್ಯಪ್ ಈ ಜಾತಿಯದು. ಇನ್ನೊಂದು, ನಕ್ಷೆ, ಹವಾಮಾನ, ಪ್ಲಾನಿಂಗ್ ಎಲ್ಲ ಒಟ್ಟಿಗಿರುವ ಎಲೆಕ್ಟ್ರಾನಿಕ್ ಫ್ಲೈಟ್ ಬ್ಯಾಗ್. ಫೋರ್‌ಫ್ಲೈಟ್, ಗಾರ್ಮಿನ್ ಪೈಲಟ್, ಸ್ಕೈಡೆಮನ್ ಇವೆಲ್ಲ ಈ ಸಾಲಿಗೆ ಸೇರುತ್ತವೆ. ಆಂಡ್ರಾಯ್ಡ್‌ನಲ್ಲಿ ಅವಾರೆ ಅನ್ನುವುದು ಉಚಿತ.

ವಿದ್ಯಾರ್ಥಿಗೆ ಮೊದಲ ಜಾತಿ ಸಾಕು ಅನ್ನೋದು ನನ್ನ ಅಭಿಪ್ರಾಯ. ದೊಡ್ಡ ಆ್ಯಪ್‌ಗಳು ಗಾಳಿಯ ಮಾಹಿತಿಯನ್ನು ತಾವೇ ಎಳೆದುಕೊಂಡು, ಹೆಡಿಂಗ್ (ವಿಮಾನದ ಮೂಗು ಇರಬೇಕಾದ ದಿಕ್ಕು) ಕೂಡ ತಾವೇ ಬರೆದುಬಿಡುತ್ತವೆ. ನಾವು ಹಾಕಿದ ಅಂಕಿ ಯಾವುದು, ಅದು ತಂದುಕೊಂಡ ಅಂಕಿ ಯಾವುದು ಅಂತಲೇ ಗೊತ್ತಾಗುವುದಿಲ್ಲ. ಕಲಿಯುವ ಹೊತ್ತಿನಲ್ಲಿ ಇದು ಒಳ್ಳೆಯದಲ್ಲ. ಜೊತೆಗೆ ಇಂಥ ಆ್ಯಪ್‌ಗಳಲ್ಲಿ ಹೆಚ್ಚಿನವು ಅಮೆರಿಕ, ಯುರೋಪಿಗೆ ಅಂತ ಮಾಡಿದವು. ದುಡ್ಡು ಕಟ್ಟುವ ಮೊದಲು ಭಾರತದ ನಕ್ಷೆ ಮತ್ತು ವಿಮಾನ ನಿಲ್ದಾಣದ ಮಾಹಿತಿ ಎಷ್ಟಿದೆ ಅಂತ ನೋಡಿಕೊಳ್ಳಿ.

ಆರಿಸುವಾಗ ನಾನು ಮೊದಲು ನೋಡುವುದು ಪರದೆಯನ್ನು. ಹಾಕಿದ ಅಂಕಿ, ಅದರ ಅಳತೆ, ಬಂದ ಉತ್ತರ ಮೂರೂ ಒಟ್ಟಿಗೆ ಕಾಣಬೇಕು. ಉತ್ತರ ಬಂದ ತಕ್ಷಣ ಹಾಕಿದ ಅಂಕಿ ಮಾಯವಾಗುವ ಆ್ಯಪ್ ಎಷ್ಟು ಚೆನ್ನಾಗಿದ್ದರೂ ಬೇಡ. ಎರಡನೆಯದು, ಇಂಟರ್ನೆಟ್ ಇಲ್ಲದೆ ಕೆಲಸ ಮಾಡಬೇಕು. ಮನೆಯಲ್ಲೇ ಫೋನನ್ನು ಏರ್‌ಪ್ಲೇನ್ ಮೋಡ್‌ಗೆ ಹಾಕಿ, ಆ್ಯಪ್ ಪೂರ್ತಿ ಮುಚ್ಚಿ, ಮತ್ತೆ ತೆರೆದು ನೋಡಿ. ಲಾಗಿನ್ ಕೇಳಿದರೆ ಅದನ್ನು ನಂಬಿ ಹಾರಬೇಡಿ.

ಐಪ್ಯಾಡ್ ಕೊಳ್ಳುವವರಿಗೆ ಒಂದು ಮಾತು: ವೈಫೈ ಮಾತ್ರ ಇರುವ ಮಾದರಿಯಲ್ಲಿ ಜಿಪಿಎಸ್ ಇರುವುದಿಲ್ಲ. ಸೆಲ್ಯುಲರ್ ಮಾದರಿಯಲ್ಲಿ ಮಾತ್ರ ಇರುತ್ತದೆ. ಬರೀ ಲೆಕ್ಕಕ್ಕೆ ಇದು ಮುಖ್ಯವಲ್ಲ. ಮುಂದೆ ನಕ್ಷೆಯ ಮೇಲೆ ನಿಮ್ಮ ಜಾಗ ಕಾಣಬೇಕು ಅಂದರೆ ಮುಖ್ಯ.

ನಿಮ್ಮ ಶಾಲೆಯಲ್ಲಿ ಕಾಕ್‌ಪಿಟ್ಟಿಗೆ ಫೋನ್, ಟ್ಯಾಬ್ಲೆಟ್ ಒಯ್ಯಲು ಏನು ನಿಯಮ ಅಂತ ಚೀಫ್ ಇನ್‌ಸ್ಟ್ರಕ್ಟರ್ ಅವರನ್ನು ಕೇಳಿಕೊಳ್ಳಿ. ವಿಮಾನಯಾನ ಸಂಸ್ಥೆಗಳು ಇಂಥ ಸಾಧನ ಬಳಸಲು ವಿಮಾನಯಾನ ನಿಯಂತ್ರಕ ಡಿಜಿಸಿಎಯ ಅನುಮತಿ ಪಡೆದಿರಬೇಕು. ಪರೀಕ್ಷೆಯ ಹಾಲ್‌ಗೆ ಫೋನ್ ಒಯ್ಯುವಂತಿಲ್ಲ, ಆದ್ದರಿಂದ ತಟ್ಟೆ ತಿರುಗಿಸೋದನ್ನು ಹೇಗೂ ಕಲಿಯಲೇಬೇಕು.

ಹಂತ 1: ಅಳತೆಗಳನ್ನು ಸರಿ ಮಾಡಿ

ಆ್ಯಪ್ ಹಾಕಿಕೊಂಡ ತಕ್ಷಣ ಸೆಟ್ಟಿಂಗ್ಸ್ ತೆರೆಯಿರಿ. ಅಮೆರಿಕದ ಆ್ಯಪ್ ಆದರೆ ಒತ್ತಡ ಪಾದರಸದ ಇಂಚಿನಲ್ಲಿ, ಇಂಧನ ಅಮೆರಿಕನ್ ಗ್ಯಾಲನ್‌ನಲ್ಲಿ, ತೂಕ ಪೌಂಡಿನಲ್ಲಿ, ಗೋಚರತೆ ಮೈಲಿಯಲ್ಲಿ ಇರುತ್ತದೆ. ನಮ್ಮಲ್ಲಿ ಮೆಟಾರ್ (ವಿಮಾನ ನಿಲ್ದಾಣದ ಹವಾಮಾನ ವರದಿ) ಒತ್ತಡವನ್ನು ಹೆಕ್ಟೋಪಾಸ್ಕಲ್‌ನಲ್ಲಿ, ಗೋಚರತೆಯನ್ನು ಮೀಟರ್‌ನಲ್ಲಿ ಕೊಡುತ್ತದೆ. ಪೆಟ್ರೋಲ್ ತುಂಬಿಸುವುದು ಲೀಟರ್‌ನಲ್ಲಿ. ಆದರೆ ಸೆಸ್ನಾದ ಕೈಪಿಡಿ ಇರೋದು ಪೌಂಡು ಮತ್ತು ಇಂಚಿನಲ್ಲಿ. ಅಂದರೆ ಒಂದೇ ಹಾರಾಟದಲ್ಲಿ ಎರಡು ಲೋಕದ ಅಳತೆ ಬೆರೆಯುತ್ತದೆ. ಗಲಾಟೆ ಶುರುವಾಗೋದೇ ಇಲ್ಲಿ.

1983ರ ಜುಲೈ 23ರಂದು ಏರ್ ಕೆನಡಾದ ಬೋಯಿಂಗ್ 767ಕ್ಕೆ ಆದದ್ದನ್ನು ಪ್ರತಿಯೊಬ್ಬ ವಿದ್ಯಾರ್ಥಿ ಪೈಲಟ್ ಪೆನ್ನು ಹಿಡಿದು ಲೆಕ್ಕ ಮಾಡಿ ನೋಡಬೇಕು. ಹಾರಾಟಕ್ಕೆ ಬೇಕಿದ್ದ ಇಂಧನ 22,300 ಕೆಜಿ. ಟ್ಯಾಂಕಿನಲ್ಲಿ ಆಗಲೇ 7,682 ಲೀಟರ್ ಇತ್ತು. ಲೀಟರನ್ನು ಕೆಜಿ ಮಾಡಲು ಸುಮಾರು 0.8ರಿಂದ ಗುಣಿಸಬೇಕು. ಅವರು ಗುಣಿಸಿದ್ದು 1.77ರಿಂದ. ಅದು ಲೀಟರನ್ನು ಪೌಂಡ್ ಮಾಡುವ ಅಂಕಿ. ಬಂದ 13,597 ಅನ್ನುವ ಸಂಖ್ಯೆಯನ್ನು ಕೆಜಿ ಅಂದುಕೊಂಡರು. ಉಳಿದದ್ದನ್ನೂ ಹಾಗೇ ಲೆಕ್ಕ ಹಾಕಿ 4,916 ಲೀಟರ್ ತುಂಬಿಸಿದರು. ತುಂಬಿಸಬೇಕಿದ್ದದ್ದು 20,000 ಲೀಟರ್‌ಗೂ ಜಾಸ್ತಿ. ಹಾರಾಟದ ಮಧ್ಯೆ ಎರಡೂ ಎಂಜಿನ್ ನಿಂತವು. ಕ್ಯಾಪ್ಟನ್ ರಾಬರ್ಟ್ ಪಿಯರ್ಸನ್ ಮತ್ತು ಫಸ್ಟ್ ಆಫೀಸರ್ ಮಾರಿಸ್ ಕ್ವಿಂಟಾಲ್ ವಿಮಾನವನ್ನು ಗ್ಲೈಡರ್ ತರಹ ತೇಲಿಸಿಕೊಂಡು ಗಿಮ್ಲಿಯ ಹಳೆಯ ವಾಯುನೆಲೆಯಲ್ಲಿ ಇಳಿಸಿದರು. ಒಳಗಿದ್ದ ಎಲ್ಲರೂ ಬದುಕಿದರು.

ಇಲ್ಲಿ ಗುಣಾಕಾರದಲ್ಲಿ ತಪ್ಪಿರಲಿಲ್ಲ. ಯಾವ ಕ್ಯಾಲ್ಕುಲೇಟರ್ ಕೊಟ್ಟಿದ್ದರೂ ಅದೇ ಉತ್ತರ ಬರುತ್ತಿತ್ತು. ಆದರೆ ವಿಮಾನದ ಇಂಧನ ನೀರಿಗಿಂತ ಹಗುರ. ಹಾಗಾಗಿ ಕೆಜಿ ಸಂಖ್ಯೆ ಲೀಟರ್ ಸಂಖ್ಯೆಗಿಂತ ಯಾವತ್ತೂ ಕಮ್ಮಿ ಇರಲೇಬೇಕು. 7,682 ಲೀಟರ್ 13,597 ಕೆಜಿ ಆಗಲು ಸಾಧ್ಯವೇ ಇಲ್ಲ. ಈ ಒಂದು ಮಾತು ನೆನಪಿದ್ದರೆ ಸಾಕು.

ನಮ್ಮ ಸೆಸ್ನಾದ ಏವ್‌ಗ್ಯಾಸ್‌ಗೆ, ಅಂದರೆ ವಿಮಾನದ ಪೆಟ್ರೋಲಿಗೆ, ಲೀಟರನ್ನು ಕೆಜಿ ಮಾಡುವ ಅಂಕಿ 0.72. ಅಂದರೆ 100 ಲೀಟರ್‌ಗೆ 72 ಕೆಜಿ, ಅಥವಾ ಸುಮಾರು 159 ಪೌಂಡ್. ಒಂದು ಅಮೆರಿಕನ್ ಗ್ಯಾಲನ್ 3.785 ಲೀಟರ್, ಬ್ರಿಟಿಷ್ ಗ್ಯಾಲನ್ 4.546 ಲೀಟರ್. ಆ್ಯಪ್‌ನಲ್ಲಿ ಎರಡೂ ಇದ್ದರೆ ಯಾವುದು ಆರಿಸಿದ್ದೀರಿ ಅಂತ ಎರಡು ಸಲ ನೋಡಿ.

ಹಂತ 2: ಗೊತ್ತಿರುವ ಉತ್ತರದಿಂದ ಪರೀಕ್ಷೆ ಮಾಡಿ

ಹೊಸ ಆ್ಯಪ್ ಹಾಕಿದಾಗ, ಅಪ್‌ಡೇಟ್ ಆದಾಗ, ಈ ಲೆಕ್ಕಗಳನ್ನು ಕೊಟ್ಟು ನೋಡಿ. ಐದು ನಿಮಿಷದ ಕೆಲಸ.

ಸಮುದ್ರ ಮಟ್ಟ, ಒತ್ತಡ 1013, ಉಷ್ಣತೆ 15 ಡಿಗ್ರಿ ಕೊಡಿ. ಡೆನ್ಸಿಟಿ ಆಲ್ಟಿಟ್ಯೂಡ್ (ಗಾಳಿ ಎಷ್ಟು ತೆಳು ಅನ್ನೋದರ ಮೇಲೆ ವಿಮಾನಕ್ಕೆ ಅನಿಸುವ ಎತ್ತರ) ಸೊನ್ನೆ ಅಥವಾ ಅದಕ್ಕೆ ತೀರ ಹತ್ತಿರ ಬರಬೇಕು.

ಟ್ರ್ಯಾಕ್ 360, ಟ್ರೂ ಏರ್‌ಸ್ಪೀಡ್ (ಗಾಳಿಯೊಳಗೆ ವಿಮಾನದ ನಿಜವಾದ ವೇಗ) 100, ಗಾಳಿ 360ರಿಂದ 20 ನಾಟ್ (ಗಂಟೆಗೆ ಅಷ್ಟು ನಾಟಿಕಲ್ ಮೈಲಿ) ಕೊಡಿ. ಗ್ರೌಂಡ್ ಸ್ಪೀಡ್, ಅಂದರೆ ನೆಲದ ಮೇಲಿನ ವೇಗ, 80 ಬರಬೇಕು. 120 ಬಂದರೆ ಆ ಆ್ಯಪ್ ಗಾಳಿ ಹೋಗುವ ದಿಕ್ಕನ್ನು ಕೇಳುತ್ತಿದೆ, ಬರುವ ದಿಕ್ಕನ್ನಲ್ಲ. ಹವಾಮಾನ ವರದಿಯಲ್ಲಿ ಗಾಳಿಯನ್ನು ಯಾವಾಗಲೂ ಬರುವ ದಿಕ್ಕಿನಿಂದಲೇ ಹೇಳುವುದು. ಈಗ ಗಾಳಿಯನ್ನು 090ಕ್ಕೆ ಬದಲಿಸಿ. ಹೆಡಿಂಗ್ ಸುಮಾರು 012, ಗ್ರೌಂಡ್ ಸ್ಪೀಡ್ 98 ಬರಬೇಕು.

ಕೊನೆಗೆ 100 ಲೀಟರ್ ಏವ್‌ಗ್ಯಾಸ್ ಕೊಟ್ಟು 72 ಕೆಜಿ ಬರುತ್ತದಾ ನೋಡಿ. ಕೆಲವು ಆ್ಯಪ್‌ಗಳಲ್ಲಿ ಮೊದಲೇ ಜೆಟ್ ಇಂಧನ ಆರಿಸಿಟ್ಟಿರುತ್ತದೆ. 80ರ ಆಸುಪಾಸು ಬಂದರೆ ಕಾರಣ ಅದೇ.

ಹಂತ 3: ಡೆನ್ಸಿಟಿ ಆಲ್ಟಿಟ್ಯೂಡ್

ಕರ್ನಾಟಕದಲ್ಲಿ ಹಾರುವವರು ಈ ಲೆಕ್ಕವನ್ನು ಯಾವತ್ತೂ ಬಿಡಬಾರದು. ಜಕ್ಕೂರು ಸಮುದ್ರ ಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿದೆ. ನೆಲದ ಮೇಲೆ ನಿಂತಿರುವಾಗಲೇ ಗಾಳಿ ತೆಳುವಾಗಿರುತ್ತದೆ. ಬಿಸಿಲು ಏರಿದರೆ ಇನ್ನೂ ತೆಳುವಾಗುತ್ತದೆ. ತೆಳು ಗಾಳಿಯಲ್ಲಿ ಎಂಜಿನ್, ಪ್ರೊಪೆಲರ್, ರೆಕ್ಕೆ ಮೂರೂ ಸೋಲುತ್ತವೆ. ರನ್‌ವೇ ಮೇಲೆ ಓಟ ಉದ್ದವಾಗುತ್ತದೆ, ಏರುವ ವೇಗ ಇಳಿಯುತ್ತದೆ.

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಅಂದುಕೊಳ್ಳಿ. ಕ್ಯೂಎನ್‌ಎಚ್ (ಸಮುದ್ರ ಮಟ್ಟಕ್ಕೆ ಹೊಂದಿಸಿ ಹೇಳುವ ಒತ್ತಡ) 1010, ಉಷ್ಣತೆ 34 ಡಿಗ್ರಿ.

ಬಾಯಿಲೆಕ್ಕ ಹೀಗೆ. ಪ್ರಮಾಣಿತ ಒತ್ತಡ 1013. ನಮ್ಮದು ಅದಕ್ಕಿಂತ 3 ಕಮ್ಮಿ. ಒಂದೊಂದು ಹೆಕ್ಟೋಪಾಸ್ಕಲ್‌ಗೆ ಸುಮಾರು 30 ಅಡಿ ಹಿಡಿದರೆ 90 ಅಡಿ. ಒತ್ತಡ ಕಮ್ಮಿ ಇರುವುದರಿಂದ ಕೂಡಬೇಕು. ಪ್ರೆಶರ್ ಆಲ್ಟಿಟ್ಯೂಡ್, ಅಂದರೆ ಒತ್ತಡದ ಲೆಕ್ಕದಲ್ಲಿ ಎತ್ತರ, 3,090 ಅಡಿ. ಆ ಎತ್ತರದಲ್ಲಿ ಇರಬೇಕಾದ ಪ್ರಮಾಣಿತ ಉಷ್ಣತೆ ಎಷ್ಟು? ಸಮುದ್ರ ಮಟ್ಟದಲ್ಲಿ 15 ಡಿಗ್ರಿ, ಸಾವಿರ ಅಡಿಗೆ 2 ಡಿಗ್ರಿ ಇಳಿಯುತ್ತದೆ. ಅಂದರೆ ಸುಮಾರು 9 ಡಿಗ್ರಿ. ಇವತ್ತು 34. ವ್ಯತ್ಯಾಸ 25. ಒಂದೊಂದು ಡಿಗ್ರಿಗೆ 120 ಅಡಿಯಂತೆ 3,000 ಅಡಿ. ಒಟ್ಟು ಸುಮಾರು 6,100 ಅಡಿ.

ಈಗ ಆ್ಯಪ್‌ಗೆ ಅದೇ ಅಂಕಿಗಳನ್ನು ಕೊಡಿ. 5,900ರಿಂದ 6,100ರೊಳಗೆ ಏನು ಬಂದರೂ ಸರಿ. ಸೂತ್ರ ಬೇರೆ ಬೇರೆ ಆಗಿರುವುದರಿಂದ ನೂರಿನ್ನೂರು ಅಡಿ ಹೆಚ್ಚುಕಮ್ಮಿ ಸಹಜ. ಕೆಲವು ಆ್ಯಪ್‌ಗಳು ಡ್ಯೂ ಪಾಯಿಂಟ್ ಕೂಡ ಕೇಳಿ ತೇವಾಂಶವನ್ನೂ ಸೇರಿಸುತ್ತವೆ. ಆಗ ಉತ್ತರ ಇನ್ನಷ್ಟು ಮೇಲೆ ಹೋಗುತ್ತದೆ. ಆದರೆ 2,000 ಅಥವಾ 9,000 ಬಂದರೆ ಎಲ್ಲೋ ಅಳತೆ ಕೆಟ್ಟಿದೆ. ಹೆಚ್ಚಾಗಿ ಸೆಲ್ಸಿಯಸ್ ಮತ್ತು ಫ್ಯಾರನ್‌ಹೀಟ್ ಅದಲುಬದಲಾಗಿರುತ್ತದೆ.

ನೆಲದ ಎತ್ತರ 3,000, ವಿಮಾನಕ್ಕೆ ಅನಿಸೋದು 6,000. ಈ ಅಂಕಿ ಹಿಡಿದು ಕೈಪಿಡಿಯ ಟೇಕಾಫ್ ಕೋಷ್ಟಕಕ್ಕೆ ಹೋಗಿ, ನಿಮ್ಮ ರನ್‌ವೇ ಉದ್ದದ ಜೊತೆ ಹೋಲಿಸಿ ನೋಡಿ. ಸೆಸ್ನಾ ಕೋಷ್ಟಕದಲ್ಲಿ ಪ್ರೆಶರ್ ಆಲ್ಟಿಟ್ಯೂಡ್ ಮತ್ತು ಉಷ್ಣತೆಯನ್ನು ಬೇರೆ ಬೇರೆ ಕೊಟ್ಟು ಹುಡುಕಬೇಕು. ಅಲ್ಲಿ 6,100 ಅಂತ ಹಿಡಿದು, ಮತ್ತೆ 34 ಡಿಗ್ರಿ ಅಂತಲೂ ಹಿಡಿದರೆ ಬಿಸಿಲನ್ನು ಎರಡು ಸಲ ಲೆಕ್ಕ ಹಾಕಿದಂತೆ. ಕೋಷ್ಟಕಕ್ಕೆ 3,090 ಮತ್ತು 34, ನಿಮ್ಮ ಅಂದಾಜಿಗೆ 6,100.

ಹಂತ 4: ನಿಜವಾದ ವೇಗ

ಮೈಸೂರಿನ ಕಡೆ ಟ್ರ್ಯಾಕ್ 227, ಅಂದರೆ 180 ಮತ್ತು 359ರ ನಡುವೆ. ವಿಎಫ್‌ಆರ್ (ಕಣ್ಣಿಂದ ಹೊರಗೆ ನೋಡಿಕೊಂಡು ಹಾರುವ) ನಿಯಮದ ಪ್ರಕಾರ ಎತ್ತರ ಸಮ ಸಾವಿರದ ಮೇಲೆ 500 ಅಡಿ. ಹಾಗಾಗಿ 6,500 ಅಡಿ ಇಟ್ಟುಕೊಳ್ಳೋಣ. ಸೂಚಿತ ವೇಗ, ಅಂದರೆ ಕಾಕ್‌ಪಿಟ್‌ನ ಮೀಟರ್ ತೋರಿಸುವುದು, 93 ನಾಟ್. ಸಾವಿರ ಅಡಿಗೆ ಶೇಕಡಾ 2ರಂತೆ ಕೂಡಿದರೆ ಶೇಕಡಾ 13 ಜಾಸ್ತಿ. 93ಕ್ಕೆ 12 ಕೂಡಿ, ಟ್ರೂ ಏರ್‌ಸ್ಪೀಡ್ 105. ಆ್ಯಪ್ ಕೂಡ ಅದರ ಆಸುಪಾಸಿನಲ್ಲೇ ತೋರಿಸಬೇಕು. ಇಷ್ಟೇ.

ಹಂತ 5: ಗಾಳಿಯ ತ್ರಿಕೋನ

ಎಲ್ಲಕ್ಕಿಂತ ಜಾಸ್ತಿ ತಪ್ಪಾಗುವ ಜಾಗ ಇದು. ಸ್ವಲ್ಪ ನಿಧಾನವಾಗಿ ನೋಡೋಣ. ಈ ಸಲ ಮುಂಗಾರಿನ ದಿನ ಅಂದುಕೊಳ್ಳಿ. ಮೇಲೆ ಪಶ್ಚಿಮದ ಗಾಳಿ, 270ರಿಂದ 20 ನಾಟ್.

ಮೊದಲು ಕೈಯಲ್ಲಿ ಚಿತ್ರ ಬಿಡಿಸಿ. ಮೂಗು ನೈಋತ್ಯಕ್ಕೆ, ಗಾಳಿ ಪಶ್ಚಿಮದಿಂದ. ಅಂದರೆ ಗಾಳಿ ಮುಂದಿನಿಂದ, ಬಲಗಡೆಯಿಂದ ಬರುತ್ತಿದೆ. ಹೆಡಿಂಗ್ ಬಲಕ್ಕೆ ತಿರುಗಬೇಕು, ಅಂದರೆ 227ಕ್ಕಿಂತ ದೊಡ್ಡ ಸಂಖ್ಯೆ. ಗ್ರೌಂಡ್ ಸ್ಪೀಡ್ 105ಕ್ಕಿಂತ ಕಮ್ಮಿ. ಆ್ಯಪ್ ತೆರೆಯುವ ಮೊದಲೇ ಇವೆರಡು ಗೊತ್ತಾದವು.

ಇನ್ನು ಅಂದಾಜಿನ ಅಂಕಿ. ಟ್ರ್ಯಾಕ್‌ಗೂ ಗಾಳಿಗೂ 43 ಡಿಗ್ರಿ ಕೋನ. ಇದಕ್ಕೆ ಪೈಲಟ್‌ಗಳು ಬಳಸುವುದು ಗಡಿಯಾರದ ಉಪಾಯ: 15 ನಿಮಿಷ ಅಂದರೆ ಕಾಲು ಗಂಟೆ, 30 ಅರ್ಧ, 45 ಮುಕ್ಕಾಲು, 60 ಪೂರ್ತಿ. ಕೋನ 15 ಡಿಗ್ರಿ ಇದ್ದರೆ ಗಾಳಿಯ ಕಾಲು ಭಾಗ ಅಡ್ಡ ಬೀಸುತ್ತದೆ, 45 ಇದ್ದರೆ ಮುಕ್ಕಾಲು. ಇಲ್ಲಿ 20ರ ಮುಕ್ಕಾಲು, 15 ನಾಟ್ ಅಡ್ಡಗಾಳಿ. ಅದನ್ನು 60ರಿಂದ ಗುಣಿಸಿ 105ರಿಂದ ಭಾಗಿಸಿದರೆ 8-9 ಡಿಗ್ರಿ ತಿದ್ದುಪಡಿ. ಎದುರುಗಾಳಿಯೂ ಹತ್ತಿರ ಹತ್ತಿರ 15, ಹಾಗಾಗಿ ಗ್ರೌಂಡ್ ಸ್ಪೀಡ್ 90.

ಆ್ಯಪ್ ಏನನ್ನುತ್ತದೆ? ತಿದ್ದುಪಡಿ 7.5 ಡಿಗ್ರಿ ಬಲಕ್ಕೆ, ಹೆಡಿಂಗ್ ಸುಮಾರು 234, ಗ್ರೌಂಡ್ ಸ್ಪೀಡ್ 89 ಅಥವಾ 90. ಹೊಂದಿತು. ಇಲ್ಲಿ ಗ್ರೌಂಡ್ ಸ್ಪೀಡ್ 119 ಅಂತ ಬಂದಿದ್ದರೆ? ಗಾಳಿಯ ದಿಕ್ಕು ತಿರುಗಾ ಮುರುಗಾ ಆಗಿದೆ. 220 ಹೆಡಿಂಗ್ ಬಂದಿದ್ದರೂ ಹಾಗೇ, ಗಾಳಿ ತಪ್ಪು ಬದಿಯಿಂದ ಬೀಸುತ್ತಿದೆ. ಕೈಯಲ್ಲಿ ಬಿಡಿಸಿದ ಚಿತ್ರ ಇದ್ದರೆ ಇದು ಕಣ್ಣಿಗೆ ಹೊಡೆದು ಕಾಣುತ್ತದೆ.

ಈಗ ಟ್ರೂ ಮತ್ತು ಮ್ಯಾಗ್ನೆಟಿಕ್ ಗೊಂದಲ. ಟ್ರೂ ಅಂದರೆ ನಕ್ಷೆಯ ನಿಜವಾದ ಉತ್ತರದಿಂದ, ಮ್ಯಾಗ್ನೆಟಿಕ್ ಅಂದರೆ ದಿಕ್ಸೂಚಿ ತೋರಿಸುವ ಉತ್ತರದಿಂದ ಅಳೆದದ್ದು. ಮೆಟಾರ್‌ನಲ್ಲೂ ಮುನ್ಸೂಚನೆಯಲ್ಲೂ ಬರೆದ ಗಾಳಿ ಟ್ರೂ ಉತ್ತರದಿಂದ ಅಳೆದದ್ದು. ಟವರ್‌ನವರು ರೇಡಿಯೋದಲ್ಲಿ ಹೇಳುವ ಗಾಳಿ ಮ್ಯಾಗ್ನೆಟಿಕ್. ರನ್‌ವೇ ನಂಬರ್ ಕೂಡ ಮ್ಯಾಗ್ನೆಟಿಕ್. ನಕ್ಷೆಯಲ್ಲಿ ಪ್ರೊಟ್ರ್ಯಾಕ್ಟರ್ ಇಟ್ಟು ಅಳೆದ ಟ್ರ್ಯಾಕ್ ಟ್ರೂ. ತ್ರಿಕೋನಕ್ಕೆ ಎಲ್ಲವನ್ನೂ ಟ್ರೂನಲ್ಲೇ ಕೊಡಿ, ಕೊನೆಗೆ ಬಂದ ಹೆಡಿಂಗನ್ನು ಮಾತ್ರ ಮ್ಯಾಗ್ನೆಟಿಕ್‌ಗೆ ಬದಲಿಸಿ. ದಕ್ಷಿಣ ಕರ್ನಾಟಕದಲ್ಲಿ ವ್ಯತ್ಯಾಸ ಒಂದೆರಡು ಡಿಗ್ರಿ ಪಶ್ಚಿಮ ಅಷ್ಟೇ. ಪಶ್ಚಿಮ ಇದ್ದರೆ ಕೂಡಬೇಕು, 234 ಹೋಗಿ 236 ಆಗುತ್ತದೆ. ನಮ್ಮಲ್ಲಿ ವ್ಯತ್ಯಾಸ ಚಿಕ್ಕದು ಅಂತ ಇದನ್ನು ಬಿಟ್ಟುಬಿಡುವ ಅಭ್ಯಾಸ ಹಲವರಿಗಿದೆ. ಮುಂದೆ ಅಮೆರಿಕಕ್ಕೋ ಕೆನಡಾಕ್ಕೋ ತರಬೇತಿಗೆ ಹೋದರೆ ಕೆಲವು ಕಡೆ ಹತ್ತು ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ ಎದುರಾಗುತ್ತದೆ. ಅಭ್ಯಾಸ ಇಲ್ಲೇ ಆಗಲಿ.

ವಾಪಸ್ ಬರುವ ಲೆಕ್ಕವನ್ನೂ ಮಾಡಿ. ಟ್ರ್ಯಾಕ್ 047, ಗಾಳಿ ಈಗ ಹಿಂದಿನಿಂದ, ಎಡಗಡೆಯಿಂದ. ಗ್ರೌಂಡ್ ಸ್ಪೀಡ್ ಸುಮಾರು 119. ಹೋಗುವಾಗ 50 ನಿಮಿಷ, ಬರುವಾಗ 38. ಒಟ್ಟು 88 ನಿಮಿಷ. ಗಾಳಿಯೇ ಇಲ್ಲದಿದ್ದರೆ 86. ಹೋಗುವಾಗ ಕಳಕೊಂಡದ್ದು ಬರುವಾಗ ಪೂರ್ತಿ ವಾಪಸ್ ಸಿಗುವುದಿಲ್ಲ, ಯಾಕೆಂದರೆ ಎದುರುಗಾಳಿಯಲ್ಲಿ ಹೆಚ್ಚು ಹೊತ್ತು ಇರುತ್ತೇವೆ. ಗಾಳಿ ಜೋರಾದಷ್ಟೂ ಈ ನಷ್ಟ ಬೆಳೆಯುತ್ತದೆ. "ಹೋಗಿ ಬರೋದಲ್ವಾ, ಸರಿಹೋಗುತ್ತೆ" ಅಂತ ಗಾಳಿಯ ಲೆಕ್ಕ ಬಿಡುವವರು ಗಮನಿಸಬೇಕು.

ಹಂತ 6: ಸಮಯ, ಇಂಧನ

90 ನಾಟ್ ಅಂದರೆ ನಿಮಿಷಕ್ಕೆ ಒಂದೂವರೆ ಮೈಲಿ. 75 ಮೈಲಿಗೆ 50 ನಿಮಿಷ. ಇದಕ್ಕೆ ಆ್ಯಪ್ ಬೇಕೇ ಇಲ್ಲ, ಆದರೂ ಹಾಕಿ ನೋಡಿ.

ಗಂಟೆಗೆ 34 ಲೀಟರ್ ಖರ್ಚು ಹಿಡಿದರೆ 88 ನಿಮಿಷಕ್ಕೆ 50 ಲೀಟರ್. ಸ್ಟಾರ್ಟ್, ಟ್ಯಾಕ್ಸಿ, ಏರುವಾಗಿನ ಹೆಚ್ಚಿನ ಖರ್ಚು ಸೇರಿ 6 ಲೀಟರ್. 45 ನಿಮಿಷದ ಮೀಸಲು 26 ಲೀಟರ್. ಒಟ್ಟು 82 ಲೀಟರ್. ಮೈಸೂರಿನಲ್ಲಿ ಇಳಿಯಲಾಗದೆ ಬೇರೆ ಕಡೆ ಹೋಗಬೇಕಾದರೆ ಅದರ ಇಂಧನ ಬೇರೆ ಸೇರಿಸಬೇಕು. ನಾನು ಮುಂದಿನ ಲೆಕ್ಕಕ್ಕೆ 110 ಲೀಟರ್ ಹಿಡಿಯುತ್ತೇನೆ. ನಿಮ್ಮ ವಿಮಾನದ ಖರ್ಚು ಎಷ್ಟು ಅನ್ನೋದು ಕೈಪಿಡಿ ಮತ್ತು ಶಾಲೆಯ ಲಾಗ್ ನೋಡಿಯೇ ತೀರ್ಮಾನ ಆಗಬೇಕು. ಟ್ಯಾಂಕಿನಲ್ಲಿ ಎಷ್ಟಿದೆ ಅನ್ನೋದನ್ನು ಗೇಜ್ ನಂಬದೆ ಅಳತೆ ಕಡ್ಡಿ ಹಾಕಿ ನೋಡಿ.

ಗಡಿಯಾರದ ಒಂದು ವಿಷಯ. ವಾಯುಯಾನದಲ್ಲಿ ಎಲ್ಲ ಸಮಯವೂ ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಗಡಿಯಾರ. ನಮ್ಮದು ಅದಕ್ಕಿಂತ ಐದೂವರೆ ಗಂಟೆ ಮುಂದೆ. 0330 ಅಂದರೆ ಇಲ್ಲಿ ಬೆಳಿಗ್ಗೆ 9. ಆ ಅರ್ಧ ಗಂಟೆ ಸುಲಭವಾಗಿ ಕೈತಪ್ಪುತ್ತದೆ. ವಿಎಫ್‌ಆರ್‌ನಲ್ಲಿ ಹಾರುವವರಿಗೆ ಸೂರ್ಯಾಸ್ತ ಗಡುವು ಇದ್ದ ಹಾಗೆ. ಆ್ಯಪ್ ತೋರಿಸುವ ಸೂರ್ಯಾಸ್ತ ಯಾವ ಗಡಿಯಾರದ್ದು ಅಂತ ನೋಡಿಕೊಳ್ಳಿ.

ಹಂತ 7: ತೂಕ ಮತ್ತು ಸಮತೋಲ

ವಿಮಾನದ ಮುಂಭಾಗದಲ್ಲಿ ಕೈಪಿಡಿ ಗುರುತಿಸಿದ ಒಂದು ಗೆರೆಯಿಂದ ಪ್ರತಿ ವಸ್ತು ಎಷ್ಟು ದೂರ ಇದೆ ಅಂತ ನೋಡಿ, ಅದರ ತೂಕವನ್ನು ಆ ದೂರದಿಂದ ಗುಣಿಸಿದರೆ ಮೊಮೆಂಟ್. ಎಲ್ಲ ಮೊಮೆಂಟ್ ಕೂಡಿ, ಒಟ್ಟು ತೂಕದಿಂದ ಭಾಗಿಸಿದರೆ ಗುರುತ್ವ ಕೇಂದ್ರ ಎಲ್ಲಿದೆ ಅಂತ ಸಿಗುತ್ತದೆ. ಸೆಸ್ನಾ 172ಎಸ್ ಮಾದರಿಯಲ್ಲಿ ಮುಂದಿನ ಸೀಟಿನ ದೂರ 37 ಇಂಚು, ಇಂಧನದ್ದು 48, ಹಿಂದಿನ ಸೀಟಿನದು 73, ಸಾಮಾನಿನ ಮೊದಲ ಜಾಗದ್ದು 95. ಗರಿಷ್ಠ ಟೇಕಾಫ್ ತೂಕ 2,550 ಪೌಂಡ್.

ಖಾಲಿ ವಿಮಾನ 1,680 ಪೌಂಡ್, ದೂರ 41 ಇಂಚು ಅಂದುಕೊಳ್ಳಿ. ನಿಮ್ಮ ವಿಮಾನದ ನಿಜ ಅಂಕಿ ಅದರ ತೂಕದ ದಾಖಲೆಯಲ್ಲಿರುತ್ತದೆ, ಅದನ್ನೇ ಹಾಕಬೇಕು. ಮುಂದೆ ಇಬ್ಬರು, 75 ಮತ್ತು 80 ಕೆಜಿ, ಅಂದರೆ 342 ಪೌಂಡ್. ಹಿಂದೆ ಒಬ್ಬರು, 68 ಕೆಜಿ, 150 ಪೌಂಡ್. 110 ಲೀಟರ್ ಇಂಧನ 175 ಪೌಂಡ್. ಸಾಮಾನು 10 ಕೆಜಿ, 22 ಪೌಂಡ್. ಒಟ್ಟು 2,369 ಪೌಂಡ್. ಮೊಮೆಂಟ್ ಎಲ್ಲ ಕೂಡಿದರೆ 1,02,974. ಭಾಗಿಸಿದರೆ 43.5 ಇಂಚು. ಕೈಪಿಡಿಯ ಚಿತ್ರದಲ್ಲಿ ಇದು ಗೆರೆಯ ಒಳಗೇ ಬೀಳುತ್ತದೆ.

ಇಲ್ಲೂ ಬಾಯಿಲೆಕ್ಕ ಇದೆ. ಇಂಧನದ ದೂರ 48, ನಮ್ಮ ಕೇಂದ್ರ 43.5. ಅಂದರೆ ಇಂಧನ ಕೇಂದ್ರಕ್ಕಿಂತ ಹಿಂದಿದೆ. ಅದು ಖರ್ಚಾಗುತ್ತಾ ಹೋದಂತೆ ಕೇಂದ್ರ ಸ್ವಲ್ಪ ಮುಂದೆ ಸರಿಯಬೇಕು. 50 ಲೀಟರ್ ಕಳೆದು ನೋಡಿ, 43.3 ಬರುತ್ತದೆ. ಆ್ಯಪ್‌ನಲ್ಲಿ ಹಿಂದೆ ಸರಿದರೆ ದೂರದ ಅಂಕಿಗಳನ್ನು ಯಾರೋ ತಪ್ಪಾಗಿ ಹಾಕಿಟ್ಟಿದ್ದಾರೆ.

ಮೂವರ ತೂಕ ಸೇರಿ 223 ಕೆಜಿ. ಆ್ಯಪ್ ಪೌಂಡಿನಲ್ಲಿರುವಾಗ ಸುಮ್ನೆ 223 ಅಂತ ಒತ್ತಿದರೆ ಅದು ತಿಳಿದುಕೊಳ್ಳೋದು 101 ಕೆಜಿ. ವಿಮಾನದೊಳಗೆ 122 ಕೆಜಿ ಲೆಕ್ಕಕ್ಕೇ ಬರುವುದಿಲ್ಲ, ಪರದೆ ಮಾತ್ರ ಹಸಿರು ತೋರಿಸುತ್ತದೆ.

ದೊಡ್ಡ ವಿಮಾನದವರಿಗೂ ಇದು ಆಗಿದೆ. 2009ರ ಮಾರ್ಚ್ 20ರಂದು ಮೆಲ್ಬರ್ನ್‌ನಿಂದ ದುಬೈಗೆ ಹೊರಟ ಎಮಿರೇಟ್ಸ್‌ನ ಏರ್‌ಬಸ್ ಎ340ರಲ್ಲಿ ಟೇಕಾಫ್ ಲೆಕ್ಕದ ಕಂಪ್ಯೂಟರಿಗೆ 362.9 ಟನ್ ಬದಲು 262.9 ಟನ್ ಹೋಗಿತ್ತು. ಒಂದೇ ಅಂಕಿ, ನೂರು ಟನ್. ಬಾಲ ರನ್‌ವೇಗೆ ಉಜ್ಜಿತು, ವಿಮಾನ ರನ್‌ವೇ ಕೊನೆ ದಾಟಿದ ಮೇಲೆ ಮೇಲೆದ್ದಿತು. ಯಾರಿಗೂ ಪ್ರಾಣಾಪಾಯ ಆಗಲಿಲ್ಲ. 2004ರ ಅಕ್ಟೋಬರ್ 14ರಂದು ಕೆನಡಾದ ಹ್ಯಾಲಿಫ್ಯಾಕ್ಸ್‌ನಲ್ಲಿ ಎಂಕೆ ಏರ್‌ಲೈನ್ಸ್‌ನ ಸರಕು ಸಾಗಣೆಯ 747ಕ್ಕೆ ಆ ಅದೃಷ್ಟ ಇರಲಿಲ್ಲ. ಹಿಂದಿನ ನಿಲ್ದಾಣದಿಂದ ಹೊರಟಾಗಿನ ತೂಕವೇ ಲ್ಯಾಪ್‌ಟಾಪ್‌ನಲ್ಲಿ ಉಳಿದು, ಅದರ ಮೇಲೆಯೇ ಟೇಕಾಫ್ ವೇಗಗಳ ಲೆಕ್ಕ ನಡೆದಿರುವ ಸಾಧ್ಯತೆ ಹೆಚ್ಚು ಅಂತ ತನಿಖೆ ಕಂಡುಕೊಂಡಿತು. ಏಳೂ ಮಂದಿ ಸಿಬ್ಬಂದಿ ತೀರಿಕೊಂಡರು.

ಆದ್ದರಿಂದ ಪ್ರತಿ ಹಾರಾಟಕ್ಕೂ ಆ್ಯಪ್‌ನಲ್ಲಿ ಹಳೆಯ ಅಂಕಿಗಳನ್ನು ಪೂರ್ತಿ ಅಳಿಸಿಯೇ ಶುರು ಮಾಡಿ. ನಿನ್ನೆಯದನ್ನು ತಿದ್ದಿ ಇವತ್ತಿನದು ಮಾಡಬೇಡಿ. ಜೊತೆಗೆ ಇನ್ನೊಬ್ಬರಿದ್ದರೆ ಅವರು ತಮ್ಮ ಫೋನಿನಲ್ಲಿ, ನಿಮ್ಮ ಉತ್ತರ ನೋಡದೆ, ಬೇರೆಯಾಗಿ ಲೆಕ್ಕ ಮಾಡಲಿ.

ಹಂತ 8: ರನ್‌ವೇ ಮೇಲಿನ ಅಡ್ಡಗಾಳಿ

ಜಕ್ಕೂರಿನ ರನ್‌ವೇ 08 ಮತ್ತು 26. ಟವರ್ 290ರಿಂದ 18 ನಾಟ್ ಅಂದರೆ 26ಕ್ಕೆ (ಅದರ ದಿಕ್ಕು ಸುಮಾರು 260 ಡಿಗ್ರಿ) 30 ಡಿಗ್ರಿ ಕೋನ. ಗಡಿಯಾರದ ಉಪಾಯದಲ್ಲಿ ಅರ್ಧ, 9 ನಾಟ್ ಅಡ್ಡಗಾಳಿ. ಆ್ಯಪ್ ಕೂಡ 9 ಅನ್ನಬೇಕು, ಎದುರುಗಾಳಿ 15-16. ಸೆಸ್ನಾ 172ರಲ್ಲಿ ಪರೀಕ್ಷಿಸಿ ತೋರಿಸಿದ ಅಡ್ಡಗಾಳಿ 15 ನಾಟ್. ವಿದ್ಯಾರ್ಥಿಗಳಿಗೆ ಶಾಲೆಯ ಮಿತಿ ಅದಕ್ಕಿಂತ ಕಮ್ಮಿ ಇರುತ್ತದೆ. ಗಾಳಿ ಗಸ್ಟ್ ಆಗುತ್ತಿದ್ದರೆ, ಅಂದರೆ ನಡುನಡುವೆ ಜೋರಾಗಿ ಬೀಸುತ್ತಿದ್ದರೆ, ಗಸ್ಟ್‌ನ ಅಂಕಿಯನ್ನೇ ಹಾಕಿ.

ಹಂತ 9: ಮೇಲೆ ಹೋದ ಮೇಲೆ

ಲೆಕ್ಕ ಎಲ್ಲ ನೆಲದ ಮೇಲೆಯೇ ಮುಗಿದು, ನೀ-ಬೋರ್ಡಿನ (ತೊಡೆಗೆ ಕಟ್ಟಿಕೊಳ್ಳುವ ಬರೆಯುವ ಹಲಗೆ) ಕಾಗದದ ಮೇಲೆ ಪೆನ್ಸಿಲ್‌ನಲ್ಲಿ ಬರೆದಿರಬೇಕು. ಫೋನ್ ಆಫ್ ಆದರೂ ಹಾರಾಟ ಮುಂದುವರಿಯಬೇಕು. ಐಪ್ಯಾಡ್ ಬಳಸಲು ಆಪಲ್ ಹೇಳುವ ಗರಿಷ್ಠ ಉಷ್ಣತೆ 35 ಡಿಗ್ರಿ. ಬಿಸಿಲಿಗೆ ನಿಂತ ಸೆಸ್ನಾದ ಒಳಗೆ ಅದನ್ನು ದಾಟೋದು ಕಷ್ಟವೇನಲ್ಲ. ಬಿಸಿಯಾದರೆ ಸಾಧನ ತಾನೇ ಪರದೆ ಆರಿಸುತ್ತದೆ. ಡ್ಯಾಶ್‌ಬೋರ್ಡ್ ಮೇಲೆ ಇಡಬೇಡಿ, ತೊಡೆಯ ಮೇಲೆ ನೆರಳಿನಲ್ಲಿಡಿ. ಪೋಲರಾಯ್ಡ್ ಕನ್ನಡಕ ಹಾಕಿದಾಗ ಕೆಲವು ಪರದೆಗಳು ಒಂದು ದಿಕ್ಕಿನಲ್ಲಿ ಕಪ್ಪಾಗಿ ಕಾಣುತ್ತವೆ. ನೆಲದ ಮೇಲೇ ತಿರುಗಿಸಿ ನೋಡಿಕೊಳ್ಳಿ.

ಮಟ್ಟಕ್ಕೆ ಬಂದು ನೇರವಾದ ಮೇಲೆ ಎರಡು ಗುರುತುಗಳ ನಡುವಿನ ಸಮಯ ಹಿಡಿಯಿರಿ. ಜಕ್ಕೂರಿನಿಂದ 10ನೇ ಮೈಲಿ ಮತ್ತು 30ನೇ ಮೈಲಿ ಅಂದುಕೊಳ್ಳಿ. 20 ಮೈಲಿಗೆ 13 ನಿಮಿಷ ಚಿಲ್ಲರೆ ಬರೆದಿದ್ದೀರಿ, ಆಗಿದ್ದು 15. ನಿಜವಾದ ಗ್ರೌಂಡ್ ಸ್ಪೀಡ್ 80. ಉಳಿದ 45 ಮೈಲಿಗೆ 30 ಅಲ್ಲ, 34 ನಿಮಿಷ ಬೇಕು. ಮೈಸೂರು ಸೇರುವುದು ಒಟ್ಟು 6 ನಿಮಿಷ ತಡ, ಇಂಧನ 3-4 ಲೀಟರ್ ಜಾಸ್ತಿ. ಇದಕ್ಕೂ ಫೋನಿಗೆ ಕೈ ಹಾಕಬೇಕಿಲ್ಲ, ಕಣ್ಣು ಹೊರಗಿರಲಿ.

ಇಳಿಯಲು ಶುರು ಮಾಡುವ ಜಾಗವೂ ಹೀಗೆಯೇ. ಮೈಸೂರು ನಿಲ್ದಾಣ ಸುಮಾರು 2,400 ಅಡಿ, ಇಳಿಯುವ ಮೊದಲು ರನ್‌ವೇ ಸುತ್ತ ಹಾಕುವ ಸರ್ಕ್ಯೂಟ್ 3,400. 6,500ರಿಂದ 3,100 ಅಡಿ ಇಳಿಯಬೇಕು. ನಿಮಿಷಕ್ಕೆ 500 ಅಡಿಯಂತೆ ಆರು ನಿಮಿಷ ಚಿಲ್ಲರೆ. ಗ್ರೌಂಡ್ ಸ್ಪೀಡ್ 90-95 ಇದ್ದರೆ ಸುಮಾರು 10 ಮೈಲಿ ಮೊದಲು.

ಹಂತ 10: ಇಳಿದ ಮೇಲೆ

ಹೆಚ್ಚಿನವರು ಇಲ್ಲಿಗೆ ಬರುವ ಹೊತ್ತಿಗೆ ಚಹಾ ಕುಡಿಯಲು ಹೋಗಿರುತ್ತಾರೆ. ಆದರೆ ಆ್ಯಪ್ ಹೇಳಿದ್ದಕ್ಕೂ ನಿಜಕ್ಕೂ ಎಷ್ಟು ಅಂತರ ಅಂತ ತಿಳಿಯೋದು ಇಲ್ಲಿಯೇ. ಮತ್ತೆ ಅಳತೆ ಕಡ್ಡಿ ಹಾಕಿ ಉಳಿದ ಇಂಧನ ನೋಡಿ. ಹೋಗುವ ಮೊದಲು 110, ಈಗ 50 ಇದ್ದರೆ ಖರ್ಚು 60 ಲೀಟರ್. ನಾವು ಲೆಕ್ಕ ಹಾಕಿದ್ದು 56. ಎಂಜಿನ್ ಎಷ್ಟು ಹೊತ್ತು ಓಡಿತು ಅನ್ನೋದನ್ನೂ ಪಕ್ಕದಲ್ಲಿ ಬರೆಯಿರಿ. ಹಾರಾಟವೇ ಆರು ನಿಮಿಷ ಉದ್ದವಾಗಿದ್ದರೆ ಆ ನಾಲ್ಕು ಲೀಟರ್ ಅಲ್ಲೇ ಸಿಕ್ಕಿತು. ಸಮಯ ಸರಿ ಇದ್ದೂ ಇಂಧನ ಜಾಸ್ತಿ ಹೋಗಿದ್ದರೆ ಮಿಕ್ಸ್ಚರ್ ಸರಿಯಾಗಿ ಲೀನ್ ಮಾಡಿದಿರಾ (ಗಾಳಿಯ ಜೊತೆ ಬೆರೆಯುವ ಇಂಧನ ಕಮ್ಮಿ ಮಾಡಿದಿರಾ) ಅಂತ ಇನ್‌ಸ್ಟ್ರಕ್ಟರ್ ಜೊತೆ ಮಾತಾಡಿ. ಅದೇ ವಿಮಾನದಲ್ಲಿ ಹಲವು ಹಾರಾಟಗಳಲ್ಲಿ ಖರ್ಚು ಜಾಸ್ತಿಯೇ ಬರುತ್ತಿದ್ದರೆ, ಆ್ಯಪ್‌ನಲ್ಲಿ ಅದರ ಹೆಸರಿನ ಮುಂದೆ ಇರುವ 34ನ್ನು 36 ಮಾಡಿ ಇಟ್ಟುಕೊಳ್ಳಿ.